ಮಲ್ಲೇಶ್ವರದ ಗಲ್ಲಿಯಲ್ಲಿ ಏಕೋಜಿ

ನಮ್ಮ ಬಡಾವಣೆ ನಾಟಕದಲ್ಲಿ ಈಗ ನೀವು ನೋಡ್ತಿರೋ ಶಾಸನ ಕಲ್ಲಲ್ಲ, ಥರ್ಮಾಕೋಲ್. ಎರಡು ಇಂಚು ದಪ್ಪದ ಹಲಗೆ, ಅದರಲ್ಲಿ ಅರ್ಧ ಇಂಚು ಆಳಕ್ಕೆ ಕೊರೆದ ಅಕ್ಷರ. ಟಾರ್ಚನ್ನ ನೇರ ಎದುರಿಂದ ಬಿಟ್ರೆ ಏನೂ ಓದಕ್ಕಾಗಲ್ಲ. ಪಕ್ಕಕ್ಕೆ ತಂದು, ಬೆಳಕು ಹಲಗೆಯನ್ನ ಸವರಿಕೊಂಡು ಹೋಗೋ ಹಾಗೆ ಓರೆ ಹಿಡೀರಿ. ನೆರಳು ಬಿತ್ತು, ಅಕ್ಷರ ಎದ್ದು ಬಂತು! ಸವೆದ ಶಾಸನ ಓದೋರೂ ಮಾಡೋದು ಇದನ್ನೇ.

ಮಲ್ಲೇಶ್ವರದ ಚರಿತ್ರೆನ ಜನರನ್ನ ನಡೆಸಿಕೊಂಡು ಹೋಗಿ ಆಡಿ ತೋರಿಸೋ ಬಡಾವಣೆ ನಾಟಕಕ್ಕೆ ಇದು ಮೊದಲ ದೃಶ್ಯ. 1669ರಲ್ಲಿ ಶಿವಾಜಿಯ ಮಲತಮ್ಮ ಏಕೋಜಿ, ಮಲ್ಲಪುರದ (ಅಂದ್ರೆ ಇವತ್ತಿನ ಮಲ್ಲೇಶ್ವರದ) ಮಲ್ಲಿಕಾರ್ಜುನ ದೇವರಿಗೆ ಮೇದರನಿಂಗನಹಳ್ಳಿಯನ್ನ ದತ್ತಿ ಬಿಟ್ಟ ಶಾಸನ. ಬೆಂಗಳೂರು ಜಿಲ್ಲೆಯ ಶಾಸನಪಾಠಗಳು ಶಾಸನಗಳನ್ನ ಸಂಗ್ರಹಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಗ್ರಂಥಮಾಲೆಯ 9ನೇ ಸಂಪುಟದಲ್ಲಿ ಸಿಗುತ್ತವೆ. ಅಕ್ಷರ ಕಾಣಲಿ ಅಂತ ಯಾವ ಮೂಲ ಕಲ್ಲಿಗೂ ಸೀಮೆಸುಣ್ಣ, ಎಣ್ಣೆ ಬಳಿಯೋಕೆ ಹೋಗ್ಬೇಡಿ.

ಥರ್ಮಾಕೋಲ್‌ಗೆ ಬೂದು ಡಿಸ್ಟೆಂಪರ್, ಜೊತೆಗೆ ಜರಡಿ ಹಿಡಿದ ಮರಳು ಒಂದು ಹಿಡಿ. ಎನಾಮಲ್, ಸ್ಪ್ರೇ ಪೇಂಟ್ ಬೇಡ. ಅದರೊಳಗಿನ ಥಿನ್ನರ್ ಥರ್ಮಾಕೋಲನ್ನ ಕರಗಿಸುತ್ತೆ, ಏಕೋಜಿ ದತ್ತಿ ಕೊಡೋಕೆ ಮುಂಚೆ ಊರೇ ಮಾಯ.

ಮುಂದಿನದು 1898ರ ಪ್ಲೇಗು. ಪೇಟೆಯ ಇಕ್ಕಟ್ಟು ಬಿಟ್ಟು ಜನ ಇತ್ತ ಬಂದ ಕಥೆ. ಇದಕ್ಕೆ ಜಾಗ ಮನೆಗಳ ಹಿಂದಿನ ಕನ್ಸರ್ವೆನ್ಸಿ ಗಲ್ಲಿ. ಎರಡೂ ಕಡೆ ಗೋಡೆ, ಹಾಗಾಗಿ ಮೈಕ್ ಇಲ್ದೇನೇ ಮಾತು ಕೇಳುತ್ತೆ. ಬಯಲಲ್ಲಿ ಆಡಿದ್ರೆ ದೂರ ಇರೋರಿಗೆ ಬರೀ ಬಾಯಾಡೋದು ಕಾಣುತ್ತೆ ಅಷ್ಟೆ.

ಹಿರಿಯರ ಹತ್ರ ಹೋಗಿ "ಪ್ಲೇಗ್ ಬಗ್ಗೆ ಹೇಳಿ" ಅಂದ್ರೆ ಎರಡು ಮಾತಿಗೇ ನಿಲ್ಲಿಸ್ತಾರೆ. "ಅಜ್ಜಿ, ನಿಮ್ಮನೆಯವರು ಯಾವ ಪೇಟೆಯಿಂದ ಬಂದ್ರು? ಬರೋವಾಗ ತಂದ ಪಾತ್ರೆ ಏನಾದ್ರೂ ಇದೆಯಾ?" ಅಂತ ಕೇಳಿ. ಅಟ್ಟದಿಂದ ಕೊಳದಪ್ಪಲೆ ಇಳಿದ್ರೆ ಮಾತೂ ಇಳಿಯುತ್ತೆ. ಆದ್ರೆ ಆ ಪ್ಲೇಗನ್ನ ಕಣ್ಣಾರೆ ಕಂಡೋರು ಈಗ ಯಾರೂ ಇಲ್ಲ, ಎಲ್ಲವೂ ಕೇಳಿದ ಮಾತು. ಅದಕ್ಕೇ ಒಂದು ಕಟ್ಟುನಿಟ್ಟು: ದಾಖಲೆ ಇರೋದು ಸೂತ್ರಧಾರನ ಬಾಯಲ್ಲಿ, "ನಮ್ಮಮ್ಮ ಹೇಳ್ತಿದ್ಲು" ಅನ್ನೋದು ಅಜ್ಜಿ ಪಾತ್ರದ ಬಾಯಲ್ಲಿ. ಎರಡೂ ಕಲೆಸಿದ್ರೆ ಯಾವುದು ಚರಿತ್ರೆ, ಯಾವುದು ನೆನಪು ಅಂತ ನೋಡೋರಿಗೆ ಗೊತ್ತೇ ಆಗಲ್ಲ. ಇಸವಿಗಳನ್ನ ಉರು ಹೊಡೆದು ಒಪ್ಪಿಸೋ ಸಂಭಾಷಣೆಯಂತೂ ಮೊದಲ ತಾಲೀಮಿನಲ್ಲೇ ಕತ್ತರಿಸಿ.

ಒಂದು ಗುಂಪಿಗೆ 40 ಜನ ಸಾಕು. ಮಕ್ಕಳು ಮುಂದೆ ಜಮಖಾನದ ಮೇಲೆ, ವಯಸ್ಸಾದವರು ಕುರ್ಚಿಯಲ್ಲಿ, ಉಳಿದವರು ಹಿಂದೆ ನಿಂತು. ಐದು ತಾಣ, ತಾಣಕ್ಕೆ ಆರೇಳು ನಿಮಿಷ. ಮೂರು ನಿಮಿಷದ ದಾರಿಗೆ ಏಳು ನಿಮಿಷ ಹಿಡೀರಿ, ಮಂಡಿನೋವಿನವರು ಇದ್ದೇ ಇರ್ತಾರೆ. ಮುಂದೆ ತಮಟೆ, ಕೊನೆಯಲ್ಲಿ ಲಾಟೀನು ಹಿಡಿದ ಒಬ್ಬರು. ಆ ಲಾಟೀನು ಬಂದು ಮೇಲಕ್ಕೆತ್ತೋ ತನಕ ಮುಂದಿನ ದೃಶ್ಯ ಶುರು ಮಾಡಬಾರದು. ಇಲ್ಲಾಂದ್ರೆ ಹಿಂದಿನವರಿಗೆ ಅರ್ಧ ನಾಟಕ.

ಸಾಯಂಕಾಲ ನಾಲ್ಕೂವರೆಗೆ ಶುರು ಮಾಡಿದ್ರೆ ಬೆಳಕಿನ ಖರ್ಚು ಉಳಿಯುತ್ತೆ, ದೇವಸ್ಥಾನದ ಮಹಾಮಂಗಳಾರತಿ ಗಂಟೆಗೂ ಸಿಕ್ಕಿಹಾಕಿಕೊಳ್ಳಲ್ಲ. ಶಾಸನದ ದೃಶ್ಯಕ್ಕೆ ಮಾತ್ರ ಕತ್ತಲೆ ಬೇಕಲ್ವಾ? ಒಂದು ಕಪ್ಪು ಶಾಮಿಯಾನ ಕಟ್ಟಿ. ಪೊಲೀಸ್ ಠಾಣೆಗೆ ಅರ್ಜಿ ಮೊದಲೇ ಹೋಗಿರಲಿ. ಗಲ್ಲಿಯಲ್ಲಿ ಸ್ಕೂಟರ್ ನಿಲ್ಲಿಸೋ ಮನೆಗಳಿಗೆ ಎರಡು ದಿನ ಮುಂಚೆ ಹೇಳಿ, ಅವತ್ತು ಬೆಳಿಗ್ಗೆ ಇನ್ನೊಂದ್ಸಲ ಹೇಳಿ.