ಮೇಜಿನ ಮೇಲೆ ಮೂರು ಸಾವಿರ ಪೌಂಡ್

ಕೇಳುಗರಿಗೆ ನಮಸ್ಕಾರ.

1953ನೆಯ ಇಸವಿಯ ಮಾರ್ಚ್ ತಿಂಗಳು. ವೇಲ್ಸ್ ನಾಡಿನ ಕಾರ್ಡಿಫ್ ಬಂದರಿಗೆ ಅಂಟಿಕೊಂಡಿದ್ದ ಟೈಗರ್ ಬೇ ಎಂಬ ಕೇರಿ. ಕಲ್ಲಿದ್ದಲು ತುಂಬಿಸಿಕೊಳ್ಳಲು ಬಂದ ಹಡಗುಗಳ ಜೊತೆ ಹತ್ತಾರು ದೇಶಗಳ ಜನ ಬಂದು ನೆಲೆ ನಿಂತ ಜಾಗ ಅದು. ಅಲ್ಲಿನ ಒಂದು ಮನೆಯಲ್ಲಿ ಹನ್ನೊಂದು ಮಕ್ಕಳು. ತಂದೆ ಸಿಯೆರಾ ಲಿಯೋನ್‌ನಿಂದ ಬಂದ ನಾವಿಕ, ತಾಯಿ ಐರಿಷ್ ಮೂಲದ ಕಾರ್ಡಿಫ್ ಹೆಣ್ಣುಮಗಳು. ಆ ಮನೆಗೆ ಉತ್ತರ ಇಂಗ್ಲೆಂಡಿನ ವಿಗನ್ ಊರಿನಿಂದ ರಗ್ಬಿ ಕ್ಲಬ್ಬಿನ ಹಿರಿಯರು ಬಂದು ಕುಳಿತರು. ಬಂದದ್ದು ಹದಿನೆಂಟು ವರ್ಷದ ಹುಡುಗ ಬಿಲ್ಲಿ ಬೋಸ್ಟನ್‌ಗಾಗಿ. ಐದು ಪೌಂಡಿನ ನೋಟುಗಳನ್ನು ಮೇಜಿನ ಮೇಲೆ ಹರಡಿದರು.

ಹುಡುಗನಿಗೆ ಹೋಗಲು ಮನಸ್ಸಿಲ್ಲ. ಚಿಂತೆ ಮಾಡಬೇಡ, ಇವರನ್ನು ನಾನು ಸಾಗಹಾಕುತ್ತೇನೆ ಎಂದಳಂತೆ ತಾಯಿ. ಮೂರು ಸಾವಿರ ಪೌಂಡ್ ಕೊಟ್ಟರೆ ಸಹಿ ಮಾಡುತ್ತಾನೆ ಎಂದು ಅವರ ಮುಂದೆ ಹೇಳಿಯೂ ಬಿಟ್ಟಳು. ಒಂದು ಮನೆ ಕೊಂಡರೂ ಮಿಗುವಷ್ಟು ಹಣ ಅದು. ಕೇಳಿದವರು ಎದ್ದು ಹೋಗುತ್ತಾರೆಂದು ಅವಳ ಲೆಕ್ಕ. ಅವರು ಏಳಲಿಲ್ಲ, ಕೇಳಿದಷ್ಟನ್ನೂ ಎಣಿಸಿ ಇಟ್ಟರು. ಕೊಟ್ಟ ಮಾತು, ಹಿಂತೆಗೆಯುವಂತಿರಲಿಲ್ಲ. ಬಿಲ್ಲಿ ಸಹಿ ಮಾಡಿದರು, ಆಮೇಲೆ ಅತ್ತರು.

ಅಷ್ಟು ಹಣ ಬಂದರೂ ಅಳುವುದೇಕೆ ಎಂದು ನೀವು ಕೇಳಬಹುದು. ಅದಕ್ಕೆ ಎರಡು ರಗ್ಬಿಗಳ ಜಗಳ ಗೊತ್ತಿರಬೇಕು. 1895ರಲ್ಲಿ ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್ಬುಗಳು ಸಭೆ ಸೇರಿ ಮೂಲ ರಗ್ಬಿ ಸಂಸ್ಥೆಯಿಂದ ಬೇರೆಯಾದವು. ಗಣಿಯಲ್ಲಿ, ಗಿರಣಿಯಲ್ಲಿ ದುಡಿಯುವವನು ಆಟಕ್ಕಾಗಿ ಕೆಲಸ ತಪ್ಪಿಸಿದರೆ ಕಳೆದ ಕೂಲಿಯನ್ನು ತುಂಬಿಕೊಡಬೇಕು ಎಂಬುದು ಅವರ ಬೇಡಿಕೆ. ಉಳ್ಳವರಿಗೆ ಅದು ಒಪ್ಪಿಗೆಯಾಗಲಿಲ್ಲ. ಹೀಗೆ ಹುಟ್ಟಿದ ಪಂಗಡವೇ ಮುಂದೆ ರಗ್ಬಿ ಲೀಗ್ ಎನಿಸಿತು. ಹದಿನೈದು ಜನರ ಆಟ ಹದಿಮೂರು ಜನರದಾಯಿತು. ಮೂಲ ಆಟಕ್ಕೆ ಯೂನಿಯನ್ ರಗ್ಬಿ ಎಂಬ ಹೆಸರು ಉಳಿಯಿತು. ಆದರೆ ಆಗೆಲ್ಲ ಒಮ್ಮೆ ಲೀಗಿಗೆ ಸಹಿ ಹಾಕಿದವನಿಗೆ ಯೂನಿಯನ್ ರಗ್ಬಿಯ ಬಾಗಿಲು ಆಯುಷ್ಯಪೂರ್ತಿ ಬಂದ್ ಆಗುತ್ತಿತ್ತು. ಕಾರ್ಡಿಫ್ ಕ್ಲಬ್ಬಿಗೆ, ವೇಲ್ಸ್ ದೇಶಕ್ಕೆ ಆಡಬೇಕೆಂಬುದು ಬಿಲ್ಲಿಯ ಕನಸಾಗಿತ್ತು. ಕಾರ್ಡಿಫ್ ಕರೆಯಲೇ ಇಲ್ಲ. ಕರೆಯದಿರಲು ಮೈಬಣ್ಣ ಕಾರಣವೆಂದು ಯಾರೂ ಬರೆದು ಕೊಡುವುದಿಲ್ಲ, ಬಿಡಿ. ಆದರೆ ಟೈಗರ್ ಬೇಯ ಕಪ್ಪು ಹುಡುಗರು ಒಬ್ಬರ ಹಿಂದೊಬ್ಬರು ಉತ್ತರದ ರೈಲು ಹತ್ತಿದ್ದು ಸುಮ್ಮನೆ ಅಲ್ಲ.

ವಿಗನ್ ಮಾತ್ರ ಕಾದು ನಿಂತಿತ್ತು. ಬಿಲ್ಲಿಯ ಮೊದಲ ಪಂದ್ಯ ಮೀಸಲು ತಂಡದ್ದು. ಅದನ್ನು ನೋಡಲು ಸೆಂಟ್ರಲ್ ಪಾರ್ಕ್ ಮೈದಾನಕ್ಕೆ ಎಂಟು ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು. ಮೊದಲ ತಂಡಕ್ಕೆ ಆಡಿದ್ದು ಆರೇ ಪಂದ್ಯ, ಅಷ್ಟರಲ್ಲೇ 1954ರ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್ ಪ್ರವಾಸಕ್ಕೆ ಗ್ರೇಟ್ ಬ್ರಿಟನ್ ತಂಡದ ಕರೆ. ಹತ್ತೊಂಬತ್ತರ ಹುಡುಗ ಆ ಪ್ರವಾಸದಲ್ಲಿ ಹದಿನೆಂಟು ಪಂದ್ಯಗಳಿಂದ 36 ಟ್ರೈ ಹೊಡೆದು ದಾಖಲೆ ಮಾಡಿದರು.

ಟ್ರೈ ಎಂದರೆ ಚೆಂಡನ್ನು ಎದುರಾಳಿಯ ಗೆರೆ ದಾಟಿಸಿ ಕೈಯಿಂದ ನೆಲಕ್ಕೆ ಊರುವುದು. ಆಗ ಅದಕ್ಕೆ ಮೂರು ಅಂಕ. ಬಿಲ್ಲಿ ಆಡುತ್ತಿದ್ದದ್ದು ಅಂಚಿನಲ್ಲಿ ಓಡುವ ವಿಂಗರ್ ಆಗಿ. ವಿಂಗರ್ ಎಂದರೆ ಸಣಕಲು ಮೈ, ಚಿಗರೆ ಓಟ ಎಂಬ ಎಣಿಕೆ. ಇವರದು ಓಟವೂ ಉಂಟು, ಗೂಳಿಯ ಭುಜವೂ ಉಂಟು. ಗೆರೆಯ ಬದಿಯಲ್ಲಿ ಜಾಗವಿಲ್ಲದಾಗ ಒಳಕ್ಕೆ ಬಾಗಿ, ಅಡ್ಡ ಬಂದವನ ಎದೆಗೆ ಅಂಗೈ ಕೊಟ್ಟು ತಳ್ಳಿ ಹಾಯುತ್ತಿದ್ದರು. ನಮ್ಮ ಕಬಡ್ಡಿಯಲ್ಲಿ ಮೂವರು ಕಾಲು ಹಿಡಿದರೂ ಗೆರೆಗೆ ಕೈ ಮುಟ್ಟಿಸುವ ಆಟಗಾರನನ್ನು ನೆನೆದುಕೊಳ್ಳಿ, ಚಿತ್ರ ಸಿಕ್ಕೀತು. ವಿಗನ್ನಿಗೆ 488 ಪಂದ್ಯ, 478 ಟ್ರೈ. ಆಟದಿಂದ ನಿಂತಾಗ ಒಟ್ಟು 571. ಆಟದ ಚರಿತ್ರೆಯಲ್ಲಿ ಅದಕ್ಕಿಂತ ಹೆಚ್ಚು ಹೊಡೆದವರು ಒಬ್ಬರೇ, ಆಸ್ಟ್ರೇಲಿಯದ ಬ್ರಯಾನ್ ಬೆವನ್. ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ರಗ್ಬಿ ಲೀಗಿನ ಚಾಲೆಂಜ್ ಕಪ್ ಮೂರು ಸಲ ಗೆದ್ದರು: 1958, 1959, 1965.

ನನಗೆ ಅಂಕಿಗಳಿಗಿಂತ ಹೆಚ್ಚು ಕಾಡುವುದು 1957ರ ಒಂದು ವಿಮಾನ ಪ್ರಯಾಣ. ಆಸ್ಟ್ರೇಲಿಯದಲ್ಲಿ ವಿಶ್ವಕಪ್ ಮುಗಿಯಿತು. ತಂಡ ಮನೆಗೆ ಹೋಗುವ ದಾರಿಯಲ್ಲಿ ದಕ್ಷಿಣ ಆಫ್ರಿಕದಲ್ಲಿ ಫ್ರಾನ್ಸಿನ ಎದುರು ಪ್ರದರ್ಶನ ಪಂದ್ಯಗಳನ್ನು ಆಡುವುದಿತ್ತು. ಅಲ್ಲಿ ವರ್ಣಭೇದದ ಕಾನೂನು. ಬಿಲ್ಲಿ ಬರುವಂತಿಲ್ಲ. ಜೊತೆಯವರೆಲ್ಲ ಅತ್ತ ಹೋದರು, ಇವರೊಬ್ಬರೇ ಇಂಗ್ಲೆಂಡಿಗೆ ಮರಳಿದರು. ಬಣ್ಣ ನೋಡಿ ತಡೆದದ್ದು ದಕ್ಷಿಣ ಆಫ್ರಿಕ, ನಿಜ. ಹಾಗಾದರೆ ನಾವೂ ಬರುವುದಿಲ್ಲ ಎಂದು ಹೇಳಬಹುದಾಗಿದ್ದವರು ಹೇಳಲಿಲ್ಲ, ಅದೂ ನಿಜ.

1968ರಲ್ಲಿ ವಿಗನ್ ಬಿಟ್ಟು, ಬ್ಲ್ಯಾಕ್‌ಪೂಲ್ ತಂಡಕ್ಕೆ ಕೆಲಕಾಲ ಆಡಿ ನಿವೃತ್ತರಾದರು. ಆದರೆ ಕಾರ್ಡಿಫಿಗೆ ವಾಪಸು ಹೋಗಲಿಲ್ಲ. ಹೆಂಡತಿ ಜೋನ್ ಜೊತೆಗೂಡಿ ಸೆಂಟ್ರಲ್ ಪಾರ್ಕಿನ ಪಕ್ಕದಲ್ಲೇ ಗ್ರಿಫಿನ್ ಎಂಬ ಪಬ್ ನಡೆಸಿದರು. ಮೈದಾನದಲ್ಲಿ ಹೆಸರು ಕೂಗಿದವರೇ ಈಗ ಬಿಯರಿಗೆ ಕೈ ಚಾಚುವ ಗಿರಾಕಿಗಳು. ಆ ಮೈದಾನ 1999ರಲ್ಲಿ ನೆಲಸಮವಾಯಿತು, ಅಲ್ಲೀಗ ಸೂಪರ್ ಮಾರ್ಕೆಟ್ ಇದೆ. 2016ರಲ್ಲಿ ಊರಿನ ನಡುವೆ ಬಿಲ್ಲಿಯ ಪ್ರತಿಮೆ ಎದ್ದಿತು. ಮರೆವಿನ ಕಾಯಿಲೆ ಅವರನ್ನು ಹಿಡಿದದ್ದೂ ಅದೇ ಹೊತ್ತಿಗೆ.

2025ರ ಜೂನ್ 10ರಂದು ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ದೊರೆ ಚಾರ್ಲ್ಸ್ ಬಿಲ್ಲಿಗೆ ಸರ್ ಪದವಿ ಕೊಟ್ಟರು. ಆಗ ಬಿಲ್ಲಿಗೆ ತೊಂಬತ್ತು ವರ್ಷ. ಈ ಆಟ ಹುಟ್ಟಿ ನೂರಮೂವತ್ತು ವರ್ಷಗಳಲ್ಲಿ ಆ ಪದವಿ ಪಡೆದ ಮೊಟ್ಟಮೊದಲ ರಗ್ಬಿ ಲೀಗ್ ಆಟಗಾರ. ಕ್ರಿಕೆಟಿಗರಿಗೆ, ಫುಟ್‌ಬಾಲಿನವರಿಗೆ, ಯೂನಿಯನ್ ರಗ್ಬಿಯವರಿಗೆ ಎಂದೋ ಸಂದ ಗೌರವ ಗಣಿ ಗಿರಣಿಗಳ ಆಟಕ್ಕೆ ಬರಲು ಇಷ್ಟು ಕಾಲ ಹಿಡಿಯಿತು. ಆಳುವವರ ಕಣ್ಣು ಲಂಡನ್ನಿನಿಂದ ಅಷ್ಟು ಉತ್ತರಕ್ಕೆ ಹಾಯುವುದೇ ಅಪರೂಪ.

ಅದಕ್ಕೂ ಎರಡು ವರ್ಷ ಮೊದಲು, 2023ರಲ್ಲಿ, ಕಾರ್ಡಿಫಿನಲ್ಲೂ ಒಂದು ಕಂಚಿನ ಪ್ರತಿಮೆ ಅನಾವರಣಗೊಂಡಿತು. ಅಲ್ಲಿ ಬಿಲ್ಲಿಯ ಜೊತೆಗೆ ಅದೇ ನೆಲದಿಂದ ಉತ್ತರಕ್ಕೆ ಹೋದ ಲೀಗ್ ಆಟಗಾರರಾದ ಗಸ್ ರಿಸ್ಮನ್ ಮತ್ತು ಕ್ಲೈವ್ ಸಲಿವನ್ ಇದ್ದಾರೆ. ಪ್ರತಿಮೆ ನಿಂತಿರುವುದು ಕಾರ್ಡಿಫ್ ಬೇಯ ಹಳೆಯ ಬಂದರು ಕೇರಿಯಲ್ಲಿ. ತಾಯಿ ಮೂರು ಸಾವಿರ ಎಂದು ಬಾಯಿ ಬಿಟ್ಟ ಮನೆ ಇದ್ದದ್ದೂ ಆ ಕೇರಿಯಲ್ಲೇ.

ನಮಸ್ಕಾರ.