ಭಾಗಿಸಿ ಭಾಗಿಸಿ ಸಿಕ್ಕಿದ್ದಲ್ಲ ರೀ!

ನಮಸ್ಕಾರ ರೀ, ವಿಜಯಪುರದಿಂದ ಮಾತಾಡುತ್ತಿದ್ದೇನೆ. ಹೋದ ವಿಡಿಯೋದ ಕೆಳಗೆ ಜಮಖಂಡಿಯ ಅಣ್ಣ ಒಬ್ಬರು ಬರೆದಿದ್ದಾರೆ: "ಅವಿಭಾಜ್ಯ ಸಂಖ್ಯೆ ಹುಡುಕೋದು ಏನು ಮಹಾ? ಕಂಪ್ಯೂಟರ್ ಒಂದೊಂದೇ ಸಂಖ್ಯೆಯಿಂದ ಭಾಗಿಸುತ್ತಾ ಹೋಗುತ್ತೆ, ಅಷ್ಟೇ." ಅದಕ್ಕೆ ಲೈಕ್ ಮೇಲೆ ಲೈಕ್!

ಅಣ್ಣಾ, ಯಾರೂ ಹಾಗೆ ಭಾಗಿಸಲಿಲ್ಲ.

ಆ ವಿಡಿಯೋದಲ್ಲಿ ನಾವು ಮಾತಾಡಿದ್ದು ಯಾವ ಅವಿಭಾಜ್ಯ ಸಂಖ್ಯೆ? 2ರ 13,62,79,841ನೇ ಘಾತದಲ್ಲಿ 1 ಕಳೆದರೆ ಬರುವುದು. ಲ್ಯೂಕ್ ಡ್ಯುರಾಂಟ್ ಎಂಬವರು 2024ರ ಅಕ್ಟೋಬರ್‌ನಲ್ಲಿ ಕಂಡುಹಿಡಿದರು. ಬರೆಯಲು ಹೋದರೆ ಅಂಕಿಗಳೇ 4,10,24,320! ಭಾಗಿಸಿ ನೋಡುವುದಾದರೆ ಅದರ ವರ್ಗಮೂಲದ ತನಕ ಹೋಗಬೇಕು, ಆ ವರ್ಗಮೂಲದಲ್ಲೇ 2 ಕೋಟಿಗೂ ಜಾಸ್ತಿ ಅಂಕಿ. ಅಲ್ಲಿಯವರೆಗೆ ಭಾಗಿಸುತ್ತಾ ಹೋಗಬೇಕಾ? ವಿಶ್ವದ ವಯಸ್ಸೇ ಸುಮಾರು 1380 ಕೋಟಿ ವರ್ಷ. ಅಷ್ಟೂ ವರ್ಷ ಭಾಗಿಸಿದರೂ ಮುಗಿಯಲ್ಲ.

ಮತ್ತೆ ಹೇಗೆ ಪರೀಕ್ಷಿಸೋದು? ಪೆನ್ನು ತಗೊಳ್ಳಿ. ಇದೇ ಜಾತಿಯ ಸಣ್ಣ ಸಂಖ್ಯೆ 31 ನೋಡೋಣ, ಅದು 2ರ 5ನೇ ಘಾತಕ್ಕಿಂತ 1 ಕಡಿಮೆ. 4ರಿಂದ ಶುರು. ವರ್ಗ ಮಾಡಿ 2 ಕಳೆಯಿರಿ, 14. ಮತ್ತೆ ಹಾಗೇ, 194. 31 ಮೀರಿತಲ್ವಾ? 31ರಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ, 8. ಇನ್ನೊಮ್ಮೆ ವರ್ಗ, 2 ಕಳೆಯಿರಿ, 62. ಶೇಷ ಸೊನ್ನೆ! 5ರಲ್ಲಿ 2 ಕಳೆದರೆ 3, ಅದಕ್ಕೇ 3 ಸಲ. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ. 2ರ ಘಾತದಲ್ಲಿ 1 ಕಳೆದ ಇಂಥ ಸಂಖ್ಯೆಗಳಿಗೆ ಇರುವ ಇದೇ ಲ್ಯೂಕಾ–ಲೆಹ್ಮರ್ ಪರೀಕ್ಷೆ, ಇಬ್ಬರು ಗಣಿತಜ್ಞರ ಹೆಸರು. ಎಷ್ಟು ಚೆಂದ ಇದೆ ನೋಡಿ!

"ಇಲ್ಲೂ ಭಾಗಿಸಿದಿರಲ್ಲಾ" ಅಂತ ಬರೆಯಲು ಹೊರಟಿದ್ದೀರಾ? 31ರಿಂದ ಭಾಗಿಸಿದೆವು ರೀ. 31ನ್ನು ಭಾಗಿಸಲಿಲ್ಲ!

"ಮೊದಲು ಸಣ್ಣ ಭಾಜಕ ಹುಡುಕುತ್ತಾರಲ್ಲಾ" ಅನ್ನುವವರೂ ಇದ್ದಾರೆ. ಹುಡುಕುತ್ತಾರೆ. ಅದು ಜೋಳ ಕೇರಿದ ಹಾಗೆ, ಭಾಜಕ ಸಿಕ್ಕಿದ್ದನ್ನು ಹೊರಗೆ ಹಾಕೋದು. ಕೇರಿದ ಮಾತ್ರಕ್ಕೆ ರೊಟ್ಟಿ ಆಗುತ್ತಾ?

ಇನ್ನೊಂದು ಕೇಳಿ. 2ರ 67ನೇ ಘಾತದಲ್ಲಿ 1 ಕಳೆದ ಸಂಖ್ಯೆ ಅವಿಭಾಜ್ಯ ಅಂತ 1644ರಲ್ಲಿ ಫ್ರಾನ್ಸಿನ ಗಣಿತಜ್ಞ ಮರ್ಸೆನ್ ತಮ್ಮ ಪಟ್ಟಿಗೆ ಸೇರಿಸಿದ್ದರು. ಅಲ್ಲ ಅಂತ 1876ರಲ್ಲಿ ತೋರಿಸಿದ್ದು ಆ ಪರೀಕ್ಷೆಯ ಹೆಸರಿನ ಲ್ಯೂಕಾ. ಆದರೆ ಅದನ್ನು ಯಾವುದು ಭಾಗಿಸುತ್ತೆ ಅನ್ನುವುದು ಅವರಿಗೇ ಗೊತ್ತಿರಲಿಲ್ಲ! ಆ ಎರಡು ಸಂಖ್ಯೆಗಳನ್ನು 1903ರಲ್ಲಿ ಅಮೆರಿಕದ ಗಣಿತಜ್ಞ ಫ್ರಾಂಕ್ ಕೋಲ್ ಕೊಟ್ಟರು: 193707721 ಮತ್ತು 761838257287. ಒಂದೇ ಒಂದು ಭಾಜಕ ಕಾಣದೆ ತೀರ್ಪು ಕೊಟ್ಟರು ರೀ ಲ್ಯೂಕಾ, ಅದೂ ಕಂಪ್ಯೂಟರ್ ಇಲ್ಲದ ಕಾಲದಲ್ಲಿ. ಇದನ್ನು "ಅಷ್ಟೇ" ಅಂತೀರಾ?

ಈ ಚಾನೆಲ್‌ಗೆ ಸಬ್‌ಸ್ಕ್ರೈಬ್ ಆಗಿಲ್ಲದವರು ಈಗಲೇ ಆಗಿ. ಭಾನುವಾರ ಲೈವ್ ಇದೆ, ಬಾಗಲಕೋಟೆ, ಬೆಳಗಾವಿ ಕಡೆಯ ಮೇಷ್ಟ್ರುಗಳು ಮಕ್ಕಳನ್ನೂ ಕೂರಿಸಿಕೊಂಡು ಬನ್ನಿ.

ಭಾಸ್ಕರಾಚಾರ್ಯರು ನಮ್ಮವರು ಅಂತ ಎದೆ ತಟ್ಟಿಕೊಳ್ಳುತ್ತೇವೆ. ಅಂಥ ಸೀಮೆಯಲ್ಲಿ ಕೂತು "ಸುಮ್ನೆ ಭಾಗಿಸುತ್ತೆ" ಅಂದರೆ ನನಗೆ ತಡೆಯಲು ಆಗಲ್ಲ. ಭಾಗಿಸಲಿಲ್ಲ ಅಂದರೆ ಭಾಗಿಸಲಿಲ್ಲ! ಇನ್ನೂ ಒಪ್ಪದವರು 127 ತಗೊಂಡು ಮಾಡಿ, ಅದು 2ರ 7ನೇ ಘಾತಕ್ಕಿಂತ 1 ಕಡಿಮೆ. 4, 14, 67 ತನಕ ನಾನೇ ಹೇಳಿಬಿಟ್ಟೆ. ಉಳಿದ ಮೂರು ಹೆಜ್ಜೆ ಕಾಮೆಂಟಿನಲ್ಲಿ ಹಾಕಿ, ಜಮಖಂಡಿ ಅಣ್ಣಾ, ಮೊದಲು ನೀವೇ ಹಾಕಿ.