ಟೈಲ್ಸ್ ಮನೆಯಲ್ಲಿ ಗೋಲಿ ಆಡುವುದು ಹೇಗೆ?

[ದೃಶ್ಯ: ಹಾಲ್‌ನ ನೆಲ. ಒಂದು ಹಸಿರು ಗೋಲಿ ಉರುಳುತ್ತಾ ಹೋಗಿ ಸೋಫಾ ಕೆಳಗೆ ಮಾಯವಾಗುತ್ತದೆ.]

ನೋಡಿದಿರಾ? ಹೋಯ್ತು.

ನಮಸ್ಕಾರ. ದಸರಾ ರಜೆ ಅಂತ ಮಕ್ಕಳಿಗೆ ಒಂದು ಪೊಟ್ಟಣ ಗೋಲಿ ತಂದುಕೊಟ್ಟೆ. ಒಟ್ಟು 12 ಇದ್ದವು. ಐದು ನಿಮಿಷ ಆಗಿತ್ತೋ ಇಲ್ಲವೋ, ನಾಲ್ಕು ಸೋಫಾ ಕೆಳಗೆ, ಎರಡು ಫ್ರಿಜ್ ಕೆಳಗೆ. "ಇದರಲ್ಲಿ ಮಜಾ ಏನಿದೆ?" ಅಂತ ಮಗಳು ಕೇಳಿದಳು. ನ್ಯಾಯವಾದ ಪ್ರಶ್ನೆ. ಯಾಕೆಂದರೆ ಗೋಲಿ ಮಣ್ಣಿನ ಆಟ. ಮಣ್ಣು ಗೋಲಿಯನ್ನು ಹಿಡಿದು ನಿಲ್ಲಿಸುತ್ತದೆ. ಟೈಲ್ಸ್ ನಿಲ್ಲಿಸುವುದಿಲ್ಲ, ಗೋಡೆ ಸಿಗುವ ತನಕ ಓಡಿಸುತ್ತದೆ.

ಅಂಗಳ ಇರುವವರು ಪುಣ್ಯವಂತರು. ವಿಡಿಯೋ ಇಲ್ಲಿಗೇ ನಿಲ್ಲಿಸಿ ಹೊರಗೆ ಹೋಗಿ ಆಡಿ. ಉಳಿದವರು ಬನ್ನಿ.

ಮೊದಲೇ ಒಂದು ಮಾತು. ಮನೆಯಲ್ಲಿ 3 ವರ್ಷದ ಒಳಗಿನ ಮಗು ಇದ್ದರೆ ಗೋಲಿ ಕೆಳಗೆ ಬಿಡಲೇಬೇಡಿ. ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಕ್ಕಿಬೀಳುತ್ತದೆ. ಪಾಪು ಮಲಗಿದ ಮೇಲೆ ಆಡಿ, ಆಡಿದ ಮೇಲೆ ಎಣಿಸಿ ಎತ್ತಿಡಿ.

[ದೃಶ್ಯ: ಯೋಗ ಮ್ಯಾಟ್ ಹಾಸುವುದು. ಕೈಗಳ ಹತ್ತಿರದ ಶಾಟ್.]

ಟೈಲ್ಸ್‌ಗೆ ಮದ್ದು ಯೋಗ ಮ್ಯಾಟ್. ಜಮಖಾನೆಯೂ ಆಗುತ್ತದೆ, ಆದರೆ ಸುಕ್ಕು ಇರಬಾರದು. ಗೋಲಿ ಈಗ ನಾಲ್ಕು ಗೇಣು ಹೋಗಿ ನಿಲ್ಲುತ್ತದೆ. ಹೆಚ್ಚು ಕಡಿಮೆ ಮಣ್ಣಿನ ಹಾಗೆಯೇ.

ಇನ್ನು ಹೊಡೆಯುವುದು. ಈಗಿನ ಮಕ್ಕಳು ಗೋಲಿಯನ್ನು ಕೇರಂ ಸ್ಟ್ರೈಕರ್ ತರಹ ತಳ್ಳುತ್ತಾರೆ. ಅದಲ್ಲ. ಎಡಗೈ ಹೆಬ್ಬೆರಳನ್ನು ನೆಲಕ್ಕೆ ಊರಿ. ಅದು ಅಲ್ಲಾಡಬಾರದು. ಅದೇ ಕೈಯ ನಡುಬೆರಳಿನ ತುದಿಗೆ ಗೋಲಿ ಒತ್ತಿ. ಬಲಗೈಯ ಎರಡು ಬೆರಳಲ್ಲಿ ಗೋಲಿ ಹಿಡಿದು, ಆ ನಡುಬೆರಳನ್ನೂ ಸೇರಿಸಿ ಹಿಂದಕ್ಕೆ ಎಳೆಯಿರಿ. ಬೆರಳು ಬಿಲ್ಲಿನ ಹಾಗೆ ಬಾಗುತ್ತದೆ. ಒಂದು ಕಣ್ಣು ಮುಚ್ಚಿ, ಗುರಿ ನೋಡಿ, ಬಿಡಿ.

[ಶಬ್ದ: ಟಕ್!]

ಆ ಸದ್ದು ಕೇಳಿತಾ? ಅದಕ್ಕೋಸ್ಕರವೇ ನಾವು ಊಟ ಬಿಟ್ಟು ಆಡುತ್ತಿದ್ದದ್ದು.

ಮೊದಲ ದಿನ ಬೆರಳು ನೋಯುತ್ತದೆ. ಗೋಲಿ ಎಲ್ಲೆಲ್ಲಿಗೋ ಹೋಗುತ್ತದೆ. ಟಿವಿ ಇರುವ ಗೋಡೆಗೆ ಬೆನ್ನು ಹಾಕಿ ಕೂರಿ, ಅಷ್ಟೇ.

ಈಗ ಗುಳಿ ಆಟ. ಊರಲ್ಲಾದರೆ ಹಿಮ್ಮಡಿಯನ್ನು ಗರಗರ ತಿರುಗಿಸಿ ನೆಲದಲ್ಲಿ ಗುಳಿ ಮಾಡುತ್ತಿದ್ದೆವು. ಟೈಲ್ಸ್‌ನಲ್ಲಿ ಹಿಮ್ಮಡಿಯೇ ಸವೆಯುತ್ತದೆ! ಅದಕ್ಕೆ ನಮ್ಮನೆಯಲ್ಲಿ ಹುಡುಕಿದ ಉಪಾಯ: ಬಳೆ. ಗಾಜಿನದು ಬೇಡ, ಪ್ಲಾಸ್ಟಿಕ್ ಅಥವಾ ಲೋಹದ್ದು. ಒಂದೊಂದು ಮೊಳ ಅಂತರದಲ್ಲಿ ಮೂರು ಬಳೆ ಇಡಿ. ಗೋಲಿ ಹಾರಿ ಬಂದು ಬಳೆಯೊಳಗೆ ಬೀಳಬೇಕು. ಉರುಳಿಸಿದರೆ ಅಂಚಿಗೆ ತಾಗಿ ಹೊರಗೇ ನಿಲ್ಲುತ್ತದೆ. ಅಂದರೆ ತಳ್ಳುವ ಕಳ್ಳಾಟ ನಡೆಯುವುದಿಲ್ಲ, ಬೆರಳು ಬಗ್ಗಿಸಲೇಬೇಕು. ಮೂರೂ ಬಳೆ ಮೊದಲು ಮುಗಿಸಿದವರು ಗೆದ್ದ ಹಾಗೆ.

ಸೋತವರಿಗೆ? ನಮ್ಮ ಕಾಲದಲ್ಲಿ ಮುಷ್ಟಿ ಇಟ್ಟು ಗೆಣ್ಣಿನ ಮೇಲೆ ಹೊಡೆಸಿಕೊಳ್ಳಬೇಕಿತ್ತು. ಚಳಿಗಾಲದ ಬೆಳಿಗ್ಗೆ ಆ ಏಟು ಬಿದ್ದರೆ ಕಣ್ಣಲ್ಲಿ ನೀರು. ಅದು ಬೇಡ. ಸೋತವರು ಮ್ಯಾಟ್‌ನ ಈ ತುದಿಯಿಂದ ಆ ತುದಿಗೆ ಮೊಣಕೈಯಲ್ಲಿ ಗೋಲಿ ತಳ್ಳಿಕೊಂಡು ಹೋಗಲಿ. ನಗು ಗ್ಯಾರಂಟಿ.

ಅಂದ ಹಾಗೆ, ಇಂಗ್ಲೆಂಡಿನಲ್ಲಿ ಟಿನ್ಸ್‌ಲಿ ಗ್ರೀನ್ ಅಂತ ಒಂದು ಹಳ್ಳಿ ಇದೆ. ಅಲ್ಲಿ ಪ್ರತಿ ಗುಡ್ ಫ್ರೈಡೆ ದಿನ ಗೋಲಿಯ ವಿಶ್ವ ಚಾಂಪಿಯನ್‌ಶಿಪ್ ನಡೆಯುತ್ತದೆ. ವೃತ್ತದೊಳಗೆ 49 ಗೋಲಿ, 25 ಗೋಲಿ ಮೊದಲು ಹೊರಗೆ ಹಾಕಿದ ತಂಡ ಗೆಲ್ಲುತ್ತದೆ. ದೊಡ್ಡ ದೊಡ್ಡವರೇ ಆಡುತ್ತಾರೆ. ಅವರದು ಸಿಮೆಂಟಿನ ಕಟ್ಟೆ, ಅದರ ಮೇಲೆ ಮರಳು ಉದುರಿಸಿಕೊಳ್ಳುತ್ತಾರೆ. ನೋಡಿ, ಅವರಿಗೂ ನಮ್ಮ ಟೈಲ್ಸ್ ಕಷ್ಟವೇ!

[ದೃಶ್ಯ: ಬಿಳಿ ಪ್ಲಾಸ್ಟಿಕ್ ಪಟ್ಟಿ, ಅದರಲ್ಲಿ ಸಾಲಾಗಿ ಐದು ಗೋಲಿ.]

ಈಗ ನನಗೆ ಬಹಳ ಇಷ್ಟದ ಭಾಗ. ವೈರಿಂಗ್‌ಗೆ ಬಳಸುವ ಕೇಸಿಂಗ್ ಪಟ್ಟಿ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಮುಚ್ಚಳ ತೆಗೆದರೆ ಗೋಲಿಗೆ ಹೇಳಿ ಮಾಡಿಸಿದ ಕಾಲುವೆ. ಐದು ಗೋಲಿಗಳನ್ನು ಒಂದಕ್ಕೊಂದು ತಾಗಿಸಿ ಇಡಿ. ಎಲ್ಲವೂ ಒಂದೇ ಗಾತ್ರ ಇರಲಿ. ಈಗ ಇನ್ನೊಂದು ಗೋಲಿಯನ್ನು ಒಂದು ಕಡೆಯಿಂದ ಜೋರಾಗಿ ಉರುಳಿಸಿ.

ಆ ತುದಿಯ ಒಂದು ಗೋಲಿ ಮಾತ್ರ ಓಡುತ್ತದೆ. ನಡುವಿನವು ಹೆಚ್ಚು ಕಡಿಮೆ ಅಲ್ಲೇ. ಎರಡು ಗೋಲಿ ಒಟ್ಟಿಗೆ ಉರುಳಿಸಿ. ಈ ಸಲ ಎರಡು ಓಡುತ್ತವೆ. ಮೂರಾದರೆ? ಹೇಳಬೇಡಿ, ಮಕ್ಕಳೇ ಊಹಿಸಲಿ, ಆಮೇಲೆ ಮಾಡಿ ನೋಡಲಿ.

ಒಂದೇ ತೂಕದ ಎರಡು ಗೋಲಿ ನೇರವಾಗಿ ಡಿಕ್ಕಿ ಹೊಡೆದರೆ, ಬಂದದ್ದು ತನ್ನ ವೇಗವನ್ನು ನಿಂತದ್ದಕ್ಕೆ ಕೊಟ್ಟು ತಾನು ನಿಂತುಬಿಡುತ್ತದೆ. ಸಾಲಿನಲ್ಲಿ ಆ ಏಟು ಒಂದರಿಂದ ಒಂದಕ್ಕೆ ದಾಟುತ್ತಾ ಹೋಗುತ್ತದೆ. ಕೊನೆಯದಕ್ಕೆ ಕೊಡಲು ಪಕ್ಕದಲ್ಲಿ ಯಾರೂ ಇಲ್ಲ, ಅದಕ್ಕೇ ಓಡುತ್ತದೆ.

ಆದರೆ ಸರಿಯಾಗಿ ಗಮನಿಸಿ. ಹೊಡೆದ ಗೋಲಿ ಪೂರ್ತಿ ನಿಲ್ಲಲಿಲ್ಲ, ಸ್ವಲ್ಪ ಮುಂದೆ ತೆವಳಿತು. ಯಾಕೆ? ಉರುಳುವ ಗೋಲಿಗೆ ಓಟವೂ ಇದೆ, ತಿರುಗಾಟವೂ ಇದೆ. ಓಟ ಕೊಟ್ಟುಬಿಟ್ಟಿತು, ತಿರುಗಾಟ ಉಳಿಯಿತು. ಆ ಉಳಿದ ತಿರುಗಾಟವೇ ಅದನ್ನು ಮುಂದೆ ತಳ್ಳಿದ್ದು. ನಮ್ಮ ಬೀದಿಯ ಜಾಣ ಆಟಗಾರರು ಉರುಳಿಸದೆ ಮೇಲಿಂದ ಹಾರಿಸಿ ಹೊಡೆಯುತ್ತಿದ್ದರು. ಎದುರಾಳಿಯ ಗೋಲಿ ಚರಂಡಿ ತನಕ ಹೋಗುತ್ತಿತ್ತು, ಅವರದು ಅದೇ ಜಾಗದಲ್ಲಿ ಕೂರುತ್ತಿತ್ತು. ವಿಜ್ಞಾನದ ಪಾಠ ಯಾರೂ ಹೇಳಿಕೊಟ್ಟಿರಲಿಲ್ಲ, ಬೆರಳಿಗೆ ಗೊತ್ತಿತ್ತು.

[ದೃಶ್ಯ: ಶೂ ಡಬ್ಬಿ, ಬಣ್ಣದ ಬಟ್ಟಲುಗಳು.]

ಮಳೆ ಬಂದ ಸಂಜೆಗೆ ಚಿತ್ರ ಮಾಡಿ. ಶೂ ಡಬ್ಬಿಯ ತಳಕ್ಕೆ ಬಿಳಿ ಹಾಳೆ ಹಾಕಿ. ಬಟ್ಟಲಿನಲ್ಲಿ ಪೋಸ್ಟರ್ ಕಲರ್ ಕಲಸಿ, ದೋಸೆ ಹಿಟ್ಟಿನಷ್ಟು ಹದ ಇರಲಿ. ನೀರು ಜಾಸ್ತಿ ಆದರೆ ಗೆರೆ ಬರುವುದಿಲ್ಲ, ಕಲೆ ಆಗುತ್ತದೆ. ಗೋಲಿಯನ್ನು ಚಮಚದಲ್ಲಿ ಅದ್ದಿ ತೆಗೆದು ಹಾಳೆ ಮೇಲೆ ಬಿಡಿ. ಡಬ್ಬಿಯನ್ನು ಆಕಡೆ ಈಕಡೆ ವಾಲಿಸಿ. ಗೆರೆಗಳು ತಾವಾಗಿಯೇ ಹರಡುತ್ತವೆ. ಹಳದಿ, ಕೆಂಪು ಮೊದಲು, ನೀಲಿ ಕೊನೆಗೆ. ಎಲ್ಲ ಒಟ್ಟಿಗೆ ಬಿಟ್ಟರೆ ಕೆಸರು ಬಣ್ಣ. ನಮ್ಮ ಮೊದಲ ಮೂರು ಹಾಳೆ ಹಾಗೇ ಹೋದವು. ಒಣಗಿದ ಮೇಲೆ ಕತ್ತರಿಸಿ ಹಬ್ಬದ ಶುಭಾಶಯದ ಕಾರ್ಡ್ ಮಾಡಬಹುದು.

ಇನ್ನೊಂದು, ಬಾಗಿಲ ಮೇಲಿನ ಗೋಲಿ ಜಾರುಬಂಡೆ. ಹಳೇ ನ್ಯೂಸ್‌ಪೇಪರ್ ಸುತ್ತಿ ಅಗಲವಾದ ಕೊಳವೆ ಮಾಡಿ, ಬಾಗಿಲಿಗೆ ಓರೆಯಾಗಿ ಟೇಪ್ ಹಚ್ಚಿ. ಒಂದರ ಬಾಯಿಂದ ಬಿದ್ದ ಗೋಲಿ ಕೆಳಗಿನದರ ಬಾಯಿಗೆ ಸೇರಬೇಕು. ಕೆಳಗೆ ಸ್ಟೀಲ್ ಲೋಟ ಇಡಿ, ಠಣ್ ಅನ್ನಲಿ. ಗೋಡೆಗೆ ಟೇಪ್ ಬೇಡ, ಪೇಂಟ್ ಕಿತ್ತು ಬರುತ್ತದೆ. ಬಾಡಿಗೆ ಮನೆಯವರಿಗೆ ಬಿಡಿಸಿ ಹೇಳಬೇಕಿಲ್ಲ ಅಲ್ವಾ.

[ದೃಶ್ಯ: ಗೋಲಿ ಸೋಡಾ ಬಾಟಲಿ.]

ಗೋಲಿ ಅಂದ ಮೇಲೆ ಇದನ್ನು ಬಿಡಲಾಗುವುದಿಲ್ಲ. ಈ ಬಾಟಲಿಗೆ ಹೈರಂ ಕಾಡ್ ಎಂಬ ಇಂಗ್ಲಿಷ್ ಎಂಜಿನಿಯರ್ 1872ರಲ್ಲಿ ಪೇಟೆಂಟ್ ಪಡೆದ. ಸೋಡಾ ತುಂಬುವಾಗ ಬಾಟಲಿ ತಲೆಕೆಳಗೆ. ಗೋಲಿ ಬಾಯಿಗೆ ಬಂದು ರಬ್ಬರ್ ಬಳೆಗೆ ಕೂರುತ್ತದೆ. ಒಳಗಿನ ಗ್ಯಾಸ್ ಅದನ್ನು ಒತ್ತಿ ಹಿಡಿಯುತ್ತದೆ. ಹೆಬ್ಬೆರಳಲ್ಲಿ ಒತ್ತಿದಾಗ ಕೀಂಯ್ ಅನ್ನುವುದು ಆ ಗ್ಯಾಸೇ. ಗೋಲಿಗಾಗಿ ಬಾಟಲಿ ಒಡೆಯುವ ಹುಡುಗರು ಅಲ್ಲೂ ಇದ್ದರು, ಇಲ್ಲೂ ಇದ್ದರು. ನಾನು? ಮುಂದೆ ಹೋಗೋಣ.

ಕೊನೆಗೆ ಒಂದು ಚಿಕ್ಕದು. ಬಣ್ಣವಿಲ್ಲದ ತಿಳಿ ಗೋಲಿಯನ್ನು ಕಣ್ಣಿಗೆ ಸ್ವಲ್ಪ ದೂರ ಹಿಡಿದು ಕಿಟಕಿ ಕಡೆ ನೋಡಿ. ಎದುರುಮನೆ ತಲೆಕೆಳಗಾಗಿ ಕಾಣುತ್ತದೆ. ಅದೇ ಗೋಲಿಯನ್ನು ಪೇಪರ್ ಮೇಲಿಟ್ಟರೆ ಅಕ್ಷರ ನೆಟ್ಟಗೆ, ದೊಡ್ಡದಾಗಿ. ನನ್ನ ಮಗಳು ಆ ದಿನದಿಂದ ಅಜ್ಜಿಯ ಕನ್ನಡಕಕ್ಕೆ ಕೈ ಹಾಕಿಲ್ಲ.

[ದೃಶ್ಯ: ಗೋಲಿಗಳನ್ನು ಡಬ್ಬಿಗೆ ಹಾಕುತ್ತಾ ಎಣಿಸುವುದು.]

ಒಂಬತ್ತು, ಹತ್ತು, ಹನ್ನೊಂದು... ಒಂದು ಕಡಿಮೆ ಇದೆ. ಪುಟ್ಟಾ, ನಿನ್ನೆ ಹಾಕಿಕೊಂಡಿದ್ದ ಚಡ್ಡಿ ಎಲ್ಲಿ?

[ಶಬ್ದ: ಒಳಗಿನ ಕೋಣೆಯಿಂದ ವಾಷಿಂಗ್ ಮಷಿನ್. ಟಕ್, ಟಕ್, ಟಕ್.]